ಗಿರಣಿ ಕರಿಬಸಪ್ಪನವರ ಹಾಡುವ ಮಿಷನ್ನು

ಚಂದ್ರಾ ಲೇಔಟಿನಲ್ಲಿ ನಮ್ಮ ಮನೆಗೂ ಪಕ್ಕದ ಕರಿಬಸಪ್ಪನವರ ಮನೆಗೂ ನಡುವೆ ಒಂದು ಬೆಕ್ಕು ನುಸುಳುವಷ್ಟೇ ಸಂದು. ಅವರು ಒಗ್ಗರಣೆ ಹಾಕಿದರೆ ನಾವು ಸೀನುತ್ತೇವೆ. ನಾನು ನಮ್ಮ ಯಜಮಾನರಾದ ತಿಮ್ಮಯ್ಯನವರ ಮೇಲೆ ರೇಗಿದರೆ ಕರಿಬಸಪ್ಪನವರ ಹೆಂಡತಿ ಗಿರಿಜಾದೇವಿ ಮಾರನೆಯ ದಿನ ನನಗೆ ಸಮಾಧಾನ ಹೇಳುತ್ತಾಳೆ. ಕರಿಬಸಪ್ಪನವರು ಮಾತ್ರ ಏನೂ ಹೇಳುವುದಿಲ್ಲ, ಏಕೆಂದರೆ ಅವರಿಗೆ ಏನೂ ಕೇಳಿಸಿರುವುದಿಲ್ಲ. ದಾವಣಗೆರೆ ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ಬಂದು, ಇಲ್ಲಿಯ ಮೇನ್ ರೋಡಿನಲ್ಲಿ ಹಿಟ್ಟಿನ ಗಿರಣಿ ಇಟ್ಟು, ಅದರ ಗಡಗಡದ ನಡುವೆಯೇ ತಲೆ ನರೆಸಿಕೊಂಡವರು ಅವರು. ಆ ಸದ್ದು ಅವರ ಕಿವಿಯನ್ನು ನಿಧಾನವಾಗಿ ಸವೆಸಿಬಿಟ್ಟಿತು.

ಪೂರ್ತಿ ಕಿವುಡರೇನಲ್ಲ. ಹತ್ತಿರ ನಿಂತು ದಪ್ಪ ದನಿಯಲ್ಲಿ ಹೇಳಿದರೆ ಕೇಳುತ್ತದೆ. ಮೇಲು ಸ್ವರದ ಸಣ್ಣ ದನಿಗಳೇ ಅವರ ಪಾಲಿಗೆ ಇಲ್ಲವಾದವು. ಕುಕ್ಕರಿನ ಸೀಟಿ, ಗುಬ್ಬಿ, ಹೆಂಡತಿಯ ಬಳೆ, ಫೋನಿನ ಗಂಟೆ, ಇವೆಲ್ಲ ಒಂದೊಂದಾಗಿ ಹೊರಟುಹೋದವು. ಕಿವಿಗೆ ಸಿಕ್ಕಿಸುವ ಯಂತ್ರವನ್ನೂ ಹಾಕಿ ನೋಡಿದರು. ಮಾತು ಇನ್ನಷ್ಟು ದಪ್ಪವಾಯಿತೇ ಹೊರತು ಹೋದದ್ದು ವಾಪಸ್ ಬರಲಿಲ್ಲ. ಅದನ್ನು ಬೀರುವಿನಲ್ಲಿಟ್ಟು ಮರೆತರು.

ಕಿವಿಯ ಕೆಲಸವನ್ನು ಅವರ ಕೈ ವಹಿಸಿಕೊಂಡಿದೆ. ಗಿರಣಿಯ ಬಾಯಿಯಿಂದ ಬೀಳುವ ಹಿಟ್ಟನ್ನು ಹೆಬ್ಬೆಟ್ಟು ಮತ್ತು ಬೆರಳಿನ ನಡುವೆ ಒಮ್ಮೆ ತಿಕ್ಕಿ, ಇದು ರೊಟ್ಟಿಗೆ ಸರಿ, ಇದು ಮುದ್ದೆಗೆ ಇನ್ನೂ ನುಣ್ಣಗಾಗಬೇಕು ಎನ್ನುತ್ತಾರೆ. ಸವೆದ ಬೀಸುಕಲ್ಲನ್ನು ಕುಟ್ಟಿಸುವ ಹೊತ್ತು ಬಂತೇ ಇಲ್ಲವೇ ಎಂಬುದನ್ನು ಗಿರಣಿಯ ಮೈ ಮೇಲೆ ಅಂಗೈ ಇಟ್ಟು ತಿಳಿಯುತ್ತಾರೆ. ನಾನು ರಾಗಿ ಹಾಕಿಸಲು ಹೋದಾಗಲೆಲ್ಲ ನೋಡಿದ್ದೇನೆ, ಹಸುವಿನ ಮೈ ಸವರುವ ಹಾಗೆ ಸವರುತ್ತಿರುತ್ತಾರೆ.

ಇಂಥವರಿಗೆ ಒಂದು ದಿನ ಮೊಬೈಲಿನಲ್ಲಿ ಯಾರೋ ಮನೆಯಲ್ಲೇ ಸಿಎನ್‌ಸಿ ಮಿಷನ್ನು ಕಟ್ಟುವ ವಿಡಿಯೋ ಕಣ್ಣಿಗೆ ಬಿತ್ತು. ಕಂಪ್ಯೂಟರಿನಲ್ಲಿ ಒಂದು ಚಿತ್ರ ಕೊಟ್ಟರೆ ಸಾಕಂತೆ, ಪುಟ್ಟ ಮೋಟಾರುಗಳು ಉಳಿಯನ್ನು ಅತ್ತ ಇತ್ತ ಮೇಲೆ ಕೆಳಗೆ ನಡೆಸಿ ಮರದ ಮೇಲೆ ಅದನ್ನೇ ಕೊರೆದುಕೊಡುತ್ತವಂತೆ. ವಿಡಿಯೋದ ಮಾತು ಇಂಗ್ಲಿಷಿನಲ್ಲಿತ್ತು. ಇವರಿಗೆ ಅದರಿಂದ ಏನಾಗಬೇಕು, ಕೈ ನೋಡಿ ಕಲಿಯುವ ಮನುಷ್ಯ. ನೋಡಿದ್ದನ್ನೇ ನೋಡಿದರು. ಆಮೇಲೆ ಮಹಡಿಯ ಮೇಲೆ, ನಮ್ಮ ಗೋಡೆಗೆ ತಾಗುವಂತಿರುವ ಕೋಣೆಯಿಂದ ಹಳೆ ಟ್ರಂಕುಗಳನ್ನೆಲ್ಲ ಹೊರಗೆ ಹಾಕಿಸಿದರು.

ಮೊದಲ ಮಿಷನ್ನು ನೋಡಿದರೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಕೆಟ್ಟುಹೋದ ಪ್ರಿಂಟರುಗಳಿಂದ ಕಿತ್ತ ಮೋಟಾರು, ಅಡುಗೆಮನೆಯ ಡ್ರಾಯರಿನ ಚಾನೆಲ್ಲು, ಗಿರಿಜಾದೇವಿಯ ತವರಿನ ಬೀರುವಿನಿಂದ ಕೊಯ್ದ ಹಲಗೆ. ಚಾನೆಲ್ಲು ಹೋದ ಮೇಲೆ ಆ ಡ್ರಾಯರು ಎಷ್ಟೋ ದಿನ ಬಾಯಿ ತೆರೆದುಕೊಂಡೇ ಇತ್ತು. ಮಿಷನ್ನು ನಡುಗುತ್ತಾ ಒಂದು ನವಿಲನ್ನು ಕೆತ್ತಿತು. ಕರಿಬಸಪ್ಪನವರು ಅದನ್ನು ತಂದು ನನಗೆ ತೋರಿಸಿದರು.

"ಕೋಳಿ ಚೆನ್ನಾಗಿದೆ" ಎಂದೆ.

"ನವಿಲು ಅದು, ಅಕ್ಕಾರ."

"ನೀವು ಹೇಳಿದ ಮೇಲೆ ಹೌದು ಬಿಡಿ."

ಅವರಿಗೆ ಬೇಜಾರಾಗಲಿಲ್ಲ. ಆ ಮನುಷ್ಯನಿಗೆ ಬೇಜಾರು ಮಾಡುವುದು ಸುಲಭವಲ್ಲ. ಬಿಡಿಭಾಗಗಳಿಗೆಂದು ಎಸ್.ಪಿ. ರೋಡಿಗೆ ಹೋದರು, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಗುಜರಿ ಅಂಗಡಿಗಳಿಗೆ ಹೋದರು, ಬಸ್ಸಿನಲ್ಲಿ ಅಲ್ಯುಮಿನಿಯಂ ಕಂಬಿಗಳನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ತಂದರು. ಹಲಗೆ ಹೋಗಿ ಕಂಬಿ ಬಂತು, ಬೆಲ್ಟು ಹೋಗಿ ಉದ್ದನೆಯ ಸ್ಕ್ರೂ ಬಂತು. ಹೊಸದೇನಾದರೂ ಹಾಕಿದ ದಿನ "ಮಿಷನ್ನಿಗೆ ಬಡ್ತಿ ಕೊಟ್ಟೆ" ಎನ್ನುತ್ತಿದ್ದರು. ಗಿರಿಜಾದೇವಿ, "ನಿಮಗಂತೂ ಯಾರೂ ಕೊಡಲಿಲ್ಲ, ಅದಕ್ಕಾದ್ರೂ ಕೊಡ್ರಿ" ಎಂದು ನಗುತ್ತಿದ್ದಳು. ಅದು ಅವರಿಗೆ ಕೇಳುತ್ತಿರಲಿಲ್ಲ. ಹೆಂಡತಿ ನಕ್ಕಳಲ್ಲ ಎಂದು ಅವರೂ ನಗುತ್ತಿದ್ದರು.

ಮಧ್ಯಾಹ್ನ ಊಟದ ಹೊತ್ತಿಗೆ ಗಿರಣಿ ಮುಚ್ಚಿ ಬಂದರೆ ಸಂಜೆಯವರೆಗೆ ಅವರು ಆ ಕೋಣೆಯಲ್ಲೇ. ಆಗ ಶುರುವಾಗುತ್ತಿತ್ತು ಮಿಷನ್ನಿನ ರಾಗ. ಕೊರೆಯುವ ಮೋಟಾರು ಒಂದು ಕಡೆ ಗುಂಯ್ ಎನ್ನುತ್ತಿತ್ತು. ಅದರ ಮೇಲೆ ಆ ಪುಟ್ಟ ಮೋಟಾರುಗಳು ಬೇರೆಯೇ ಹಾಡುತ್ತಿದ್ದವು. ನೆಟ್ಟಗಿನ ಗೆರೆಗೆ ಒಂದು ಉದ್ದನೆಯ ಸ್ವರ. ತಿರುವು ಬಂದರೆ ಸ್ವರ ಏರಿ, ಇಳಿದು, ಸಣ್ಣಗೆ ನಡುಗಿ, ಮತ್ತೆ ನೆಟ್ಟಗಾಗುತ್ತಿತ್ತು. ಹೂವಿಗೆ ಒಂದು ಥರ, ಬಳ್ಳಿಗೆ ಒಂದು ಥರ. ಮೊದಮೊದಲು ನನಗೆ ಮೈ ಉರಿಯುತ್ತಿತ್ತು. ಆಮೇಲೆ ಫ್ಯಾನಿನ ಸದ್ದಿನ ಹಾಗೆ ಅದೂ ಮಧ್ಯಾಹ್ನದ ಒಳಗೇ ಸೇರಿಹೋಯಿತು.

ಹೀಗಿರುವಾಗ ನನ್ನ ಮಗಳು ಅನು ಬಾಣಂತನಕ್ಕೆ ಬಂದಳು. ಹೆಣ್ಣು ಮಗು. ಮುಷ್ಟಿಯಷ್ಟು ಮುಖ, ರಾಕ್ಷಸನ ಗಂಟಲು. ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು ಬಟ್ಟೆಯಲ್ಲಿ ಸುತ್ತಿದರೆ ಎಲ್ಲರ ಮನೆಯ ಕೂಸುಗಳೂ ಹಾಗೇ ಸೋತು ಮಲಗುತ್ತವೆ. ನಮ್ಮದು ಆಗ ಶುರು ಮಾಡುತ್ತಿತ್ತು. ಅತ್ತು ಅತ್ತು ಅನುವನ್ನೂ ಅಳಿಸುತ್ತಿತ್ತು. ನಾನು ಹಾಡದ ಜೋಗುಳವಿಲ್ಲ. ನನ್ನದು ಗಂಡು ದನಿ, ನಾನು ಹಾಡಿದರೆ ಮಗು ಗಾಬರಿಯಾಗುತ್ತದೆ ಎಂದು ಯಜಮಾನರ ಅಭಿಪ್ರಾಯ.

ಒಂದು ಮಧ್ಯಾಹ್ನ ಹಾಗೇ ಅಳುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾಯಿತು. ಏನಾಯಿತೋ ಎಂದು ಒಳಗೆ ಓಡಿದೆ. ತೊಟ್ಟಿಲಿನಲ್ಲಿ ಕಣ್ಣು ಬಿಟ್ಟುಕೊಂಡು ಗೋಡೆಯ ಕಡೆ ಕಿವಿಗೊಟ್ಟಿತ್ತು. ಆಚೆ ಕಡೆ ಕರಿಬಸಪ್ಪನವರ ಮಿಷನ್ನು ಆಗತಾನೆ ಹಾಡಲು ಶುರು ಮಾಡಿತ್ತು. ಸ್ವರ ಏರಿದಾಗ ಮಗುವಿನ ಹುಬ್ಬು ಏರಿತು. ಇಳಿದಾಗ ರೆಪ್ಪೆ ಇಳಿಯಿತು. ನೋಡನೋಡುತ್ತಾ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅನು ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು ಕಟ್ಟಿಕೊಂಡೇ ಮಂಚದ ಮೇಲೆ ಒರಗಿದವಳು ಹಾಗೇ ನಿದ್ದೆ ಹೋದಳು.

ಆಮೇಲಿನ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ನನಗೆ ಕಣ್ಣು ಎಳೆಯುತ್ತದೆ. ಕಿಟಕಿಯಿಂದ ಬಿದ್ದ ಬಿಸಿಲು ನೆಲದ ಮೇಲೆ ಮೆಲ್ಲಗೆ ಸರಿಯುತ್ತಿತ್ತು, ಸಾಂಬ್ರಾಣಿ ಹೊಗೆ ಅದರೊಳಗೆ ತೇಲುತ್ತಿತ್ತು. ಗೋಡೆಯಾಚೆ ಯಾವುದೋ ಬಳ್ಳಿ, ಯಾವುದೋ ಎಲೆ ಮರದಲ್ಲಿ ಮೂಡುತ್ತಾ ಇತ್ತು, ಅದರ ಸ್ವರ ಮಾತ್ರ ನಮಗೆ ಬರುತ್ತಿತ್ತು. ಮಗು ಮಲಗಿತ್ತು, ಮಗಳು ಮಲಗಿದ್ದಳು, ಯಜಮಾನರು ಪೇಪರನ್ನು ಮುಖದ ಮೇಲೆ ಹಾಕಿಕೊಂಡು ಮಲಗಿದ್ದರು. ಬೀದಿಯ ಹೂವಿನವಳ ಕೂಗು ಕೂಡ ಯಾವುದೋ ದೂರದ ಊರಿನಿಂದ ಬಂದ ಹಾಗಿರುತ್ತಿತ್ತು. ನಾನು ಬೆಳ್ಳುಳ್ಳಿ ಸುಲಿಯುತ್ತಾ ಕೂತವಳು, ಎಷ್ಟೋ ಸಲ ಬೆಳ್ಳುಳ್ಳಿ ಕೈಯಲ್ಲೇ ಇದ್ದು ಸಂಜೆಯಾಗಿರುತ್ತಿತ್ತು.

ಈಗ ಒಂದು ವಿಷಯ ಹೇಳಬೇಕು, ಇದರಲ್ಲಿ ನನ್ನ ತಪ್ಪಿಲ್ಲ. ಮಗು ಚೆನ್ನಾಗಿ ಮಲಗುತ್ತದೆ ಎಂದು ಯಾರಾದರೂ ಬಾಯಿ ಬಿಟ್ಟು ಹೇಳುತ್ತಾರೆಯೇ? ಹೇಳಿದ ದಿನವೇ ದೃಷ್ಟಿಯಾಗುತ್ತದೆ. ಚೆನ್ನಾಗಿ ಹಾಲು ಕುಡಿದರೆ ಎಲ್ಲಿ ಕುಡಿಯುತ್ತೆ ಎನ್ನಬೇಕು. ಗುಂಡುಗುಂಡಗಿದ್ದರೆ ಸೊರಗಿದೆ ಎನ್ನಬೇಕು. ನನ್ನ ತಾಯಿ ಹೀಗೇ ಹೇಳಿ ನಮ್ಮನ್ನೆಲ್ಲ ಸಾಕಿದರು. ಹಾಗಾಗಿ ಒಂದು ಬೆಳಿಗ್ಗೆ ಕರಿಬಸಪ್ಪನವರು ಗೇಟಿನ ಹತ್ತಿರ ನಿಂತು, ಬೀದಿಗೆಲ್ಲ ಕೇಳುವ ಹಾಗೆ, "ಕೂಸು ಚಲೋ ಮಕ್ಕೊಂತೈತೇನ್ರಿ ಅಕ್ಕಾರ?" ಎಂದು ಕೇಳಿದಾಗ ನಾನು ಇನ್ನೇನು ಹೇಳಲಿ?

"ಎಲ್ಲಿ ಮಲಗುತ್ತೆ ಬಿಡಿ. ಕಣ್ಣೇ ಮುಚ್ಚಲ್ಲ. ಮಧ್ಯಾಹ್ನ ಅಂತೂ ಕೇಳಲೇಬೇಡಿ" ಎಂದು ಕೈ ಬಾಯಿ ತಿರುಗಿಸಿ ಹೇಳಿದೆ.

ಹೆಂಗಸರಾಗಿದ್ದರೆ ಅರ್ಥವಾಗುತ್ತಿತ್ತು. ಪಕ್ಕದಲ್ಲಿ ಗಿರಿಜಾದೇವಿ ಇದ್ದಿದ್ದರೆ ನಕ್ಕು ಸುಮ್ಮನಾಗುತ್ತಿದ್ದಳು. ಈ ಪುಣ್ಯಾತ್ಮ ನನ್ನ ತುಟಿಯನ್ನೇ ನೋಡಿದರು, ತಲೆ ಎತ್ತಿ ಮಹಡಿಯ ಕೋಣೆಯ ಕಡೆ ನೋಡಿದರು, ಮುಖ ಸಣ್ಣಗೆ ಮಾಡಿಕೊಂಡು ಹೊರಟುಹೋದರು.

ಅಂದಿನಿಂದ ಮಿಷನ್ನಿನ ಸದ್ದಿಲ್ಲ. ಏನೋ ರಿಪೇರಿ ಇರಬೇಕು, ಇವತ್ತು ಶುರುವಾದೀತು, ನಾಳೆ ಶುರುವಾದೀತು ಎಂದುಕೊಂಡೆ. ಮಗು ಮತ್ತೆ ಹಳೆಯ ಗಂಟಲು ತೆಗೆಯಿತು. ಒಂದು ಭಾನುವಾರ ಕರಿಬಸಪ್ಪನವರೇ ಗೇಟಿಗೆ ಬಂದರು. ಮುಖ ಹಬ್ಬದ ದಿನದ ಹಾಗಿತ್ತು.

"ಅಕ್ಕಾರ, ಮಿಷನ್ನಿಗೆ ಭಾರಿ ಬಡ್ತಿ ಕೊಟ್ಟೀನಿ. ಮೋಟಾರ್ ಓಡಿಸೋ ಬೋರ್ಡೆಲ್ಲ ಹೊಸಾವು. ಕೊರಿಯೋ ಮೋಟಾರಿಗೆ ಡಬ್ಬಿ ಮಾಡಿ ಒಳಗ ಹಳೇ ಕೌದಿ ಹೊದ್ದಿಸೀನಿ. ಇನ್ಮ್ಯಾಲೆ ಅದು ಪಿಟ್ ಅನ್ನಂಗಿಲ್ಲ. ಗಿರಿಜಾ ಗೋಡಿಗೆ ಕಿವಿ ಕೊಟ್ಟು ನೋಡಿ ಹೇಳ್ಯಾಳ. ಕೂಸು ನಿಶ್ಚಿಂತಿಂದ ಮಕ್ಕೊಳ್ಳಲಿ."

ನನ್ನ ಕೈಗೆ ಒಂದು ಮರದ ಫಲಕ ಕೊಟ್ಟರು. ಮಿಷನ್ನಿಗೆ ಹೊಸ ಬೋರ್ಡು ಹಾಕಿದ ಮೇಲೆ ಕೆತ್ತಿದ್ದು. ನವಿಲು ಕೊನೆಗೂ ನವಿಲಾಗಿತ್ತು. ಗರಿಯ ಒಂದೊಂದು ಕಣ್ಣೂ ದುಂಡಗಿತ್ತು, ಬೆರಳಿಟ್ಟರೆ ಜಾರುವಷ್ಟು ನುಣುಪು. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಆ ಮನುಷ್ಯ ಇಡೀ ಬೀದಿಗೆ ಒಳ್ಳೆಯದು ಮಾಡಿದೆ ಎಂಬ ನಂಬಿಕೆಯಲ್ಲಿ ನಿಂತಿದ್ದರು. "ತುಂಬಾ ಚೆನ್ನಾಗಿದೆ" ಎಂದಷ್ಟೇ ಹೇಳಿ ಒಳಗೆ ಬಂದೆ.

ಆಮೇಲೆ ನಾವು ಮಾಡದ ಸರ್ಕಸ್ಸಿಲ್ಲ. ಯಜಮಾನರು ಫೋನಿನಲ್ಲಿ ಅಂಥದೇ ಮಿಷನ್ನಿನ ವಿಡಿಯೋ ಹಾಕಿದರು. ಮಗು ಇನ್ನೂ ಜೋರಾಗಿ ಅತ್ತಿತು. ಮಿಕ್ಸಿ ತಿರುಗಿಸಿದೆವು, ಹೊಲಿಗೆ ಮಿಷನ್ನು ತುಳಿದೆವು. ಉಪ್ಪು ಮೆಣಸಿನಕಾಯಿ ನಿವಾಳಿಸಿದೆ. ಯಾವುದಕ್ಕೂ ಅದು ಬಗ್ಗಲಿಲ್ಲ. ಅನುವಿನ ಕಣ್ಣು ಗುಳಿ ಬಿದ್ದವು. ತಟ್ಟೆಯ ಮುಂದೆ ಕೂತು ಕೂತಲ್ಲೇ ತೂಕಡಿಸುತ್ತಿದ್ದಳು. ಎದೆಹಾಲು ಕಡಿಮೆಯಾಗುತ್ತಾ ಬಂತು. ಅದು ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸಿತು.

"ಅಮ್ಮ, ಹೋಗಿ ಹೇಳು ಅವ್ರಿಗೆ" ಎಂದಳು ಅನು.

"ಏನಂತ ಹೇಳ್ಲೇ? ಮಗು ಚೆನ್ನಾಗಿ ಮಲಗ್ತಿತ್ತು ಅಂತ ಬೀದೀಲಿ ನಿಂತು ಕೂಗ್ಲಾ?"

"ಕೂಗು. ಇಲ್ಲಾಂದ್ರೆ ನಾನೇ ಹೋಗ್ತೀನಿ."

ಹಸಿ ಬಾಣಂತಿ ಹೊಸ್ತಿಲು ದಾಟುವುದೇ? ಸೆರಗು ಸರಿಮಾಡಿಕೊಂಡು ನಾನೇ ಹೊರಟೆ. ಗಿರಿಜಾದೇವಿಯ ಕಿವಿಯಲ್ಲಿ ಮೆಲ್ಲಗೆ ಹೇಳಿ ಮುಗಿಸೋಣ ಎಂದು ನೋಡಿದರೆ ಅವಳ ಮನೆಗೆ ಬೀಗ. ಅವಳು ಬರುವವರೆಗೆ ಕಾಯಲು ಮನಸ್ಸು ಒಪ್ಪಲಿಲ್ಲ. ನೇರವಾಗಿ ಗಿರಣಿಗೆ ಹೋದೆ.

ಗಿರಣಿ ಭರ್ತಿ ಓಡುತ್ತಿತ್ತು. ಡಬ್ಬ, ಚೀಲ ಹಿಡಿದ ಹೆಂಗಸರು ಸಾಲಾಗಿ ನಿಂತಿದ್ದರು, ಎಲ್ಲ ಗುರುತಿನ ಮುಖಗಳೇ. ಹಿಟ್ಟಿನ ದೂಳಿನಲ್ಲಿ ಕರಿಬಸಪ್ಪನವರು ಹುಬ್ಬು ರೆಪ್ಪೆಯೆಲ್ಲ ಬೆಳ್ಳಗಾಗಿ ನಿಂತಿದ್ದರು. ಹತ್ತಿರ ಹೋಗಿ ಹೇಳಿದೆ. ಕೇಳಲಿಲ್ಲ. ಇನ್ನೂ ಜೋರಾಗಿ ಹೇಳಿದೆ. ಕಿವಿಗೆ ಕೈ ಅಡ್ಡ ಹಿಡಿದು ಬಗ್ಗಿದರು. ನನಗೂ ರೇಗಿತು. ಇದ್ದಬದ್ದ ಉಸಿರೆಲ್ಲ ಒಟ್ಟು ಮಾಡಿ ಕೂಗುವಷ್ಟರಲ್ಲಿ ಆ ಮಹಾನುಭಾವ ಸ್ವಿಚ್ಚು ಆರಿಸಿದರು.

"ನಮ್ ಪಾಪು ಚೆನ್ನಾಗ್ ಮಲಗ್ತಿತ್ತು ಕಣ್ರೀ! ನಿಮ್ ಮಿಷನ್ ಹಾಡಿದ್ರೇನೇ ಅದು ಮಲಗೋದು!"

ಗಿರಣಿ ನಿಂತ ಮೇಲಿನ ಆ ಮೌನದಲ್ಲಿ ನನ್ನ ಮಾತು ಬಸ್‌ಸ್ಟಾಪಿನವರೆಗೂ ಹೋಗಿರಬೇಕು. ಹೆಂಗಸರೆಲ್ಲ ತಿರುಗಿ ನೋಡಿದರು. ಒಬ್ಬಳು ಬಾಯಿಗೆ ಸೆರಗು ಮುಚ್ಚಿ ನಕ್ಕಳು. ಇಷ್ಟು ದಿನ ಜೋಪಾನ ಮಾಡಿದ್ದನ್ನು ನಾನೇ ಬೀದಿಗೆ ಚೆಲ್ಲಿಬಿಟ್ಟಿದ್ದೆ. ಕರಿಬಸಪ್ಪನವರು ಮಾತ್ರ ನಗಲಿಲ್ಲ. ನಾನು ಇನ್ನೇನಾದರೂ ಹೇಳುತ್ತೇನೋ ಎಂದು ನನ್ನ ತುಟಿಯನ್ನೇ ನೋಡುತ್ತಿದ್ದರು.

"ಹಾಡ್ತಿತ್ತೇನ್ರಿ ಅದು?" ಎಂದರು.

"ಮತ್ತೆ? ದಿನಾ ಹಾಡ್ತಿತ್ತು."

"ಸಪ್ಪಳ ಮಾಡ್ತೈತಿ ಅಂತಿದ್ರು ಎಲ್ಲಾರೂ. ಗಿರಣಿದೂ ಸಪ್ಪಳ, ಅದರದೂ ಸಪ್ಪಳ. ನಂದೂ ಸಪ್ಪಳ, ಮೆಲ್ಲಕ ಮಾತಾಡ್ರಿ ಅಂತಾರ." ತಮ್ಮ ಅಂಗೈಯನ್ನೇ ನೋಡಿಕೊಂಡರು. "ಕೈಗೆ ನಡುಕ ತಿಳೀತಿತ್ತು ರೀ. ಹಾಡು ಅಂತ ತಿಳೀಲಿಲ್ಲ."

ಕಟ್ಟಿದ್ದು, ಕಳಚಿದ್ದು, ಮತ್ತೆ ಕಟ್ಟಿದ್ದು ಅವರು, ಅದರ ಹಾಡು ಕೇಳಿದವರು ನಾವು. ಮನಸ್ಸಿಗೆ ತುಂಬಾ ನೋವಾಯಿತು.

ಅವರು ಅರ್ಧ ಬೀಸಿದ ರಾಗಿಯನ್ನು ಅರ್ಧಕ್ಕೇ ಬಿಟ್ಟು, ಹೆಂಗಸರೆಲ್ಲ ಗೊಣಗುತ್ತಿದ್ದರೂ ಬಾಗಿಲೆಳೆದು ನನ್ನ ಹಿಂದೆಯೇ ಬಂದರು. ಹಳೆಯ ಬೋರ್ಡುಗಳನ್ನು ಎಸೆದಿರಲಿಲ್ಲ, ಪುಣ್ಯ. ಅವನ್ನು ಹಾಕಿದರೆ ನವಿಲು ಮತ್ತೆ ಒರಟಾಗುತ್ತದಂತೆ. ಆಗಲಿ ಬಿಡ್ರಿ ಎಂದರು. ಕೊರೆಯುವ ಮೋಟಾರನ್ನು ಹಚ್ಚಲೇ ಇಲ್ಲ. ಮರದ ದೂಳು ಯಾಕೆ, ಉಳಿಯನ್ನು ಮೇಲೆತ್ತಿ ಬರೀ ಗಾಳಿಯಲ್ಲಿ ಓಡಿಸಿದರೆ ಸಾಕು ಎಂದು ಅವರಿಗೇ ಹೊಳೆಯಿತು. ಮಾರನೆಯ ಮಧ್ಯಾಹ್ನ ಅವರ ಮಿಷನ್ನು ಏನನ್ನೂ ಕೆತ್ತದೆ, ಖಾಲಿ ಮೇಜಿನ ಮೇಲೆ, ಗಾಳಿಯಲ್ಲಿ ಒಂದು ಇಡೀ ನವಿಲನ್ನು ಬರೆಯಿತು. ಮಗು ಅದರ ಕೊರಳು ಮುಗಿಯುವುದರೊಳಗೆ ಮಲಗಿತು. ಅನು ಸಂಜೆಯವರೆಗೆ ಏಳಲಿಲ್ಲ.

ಆಮೇಲೆ ದಿನವೂ ಅದೇ ನಡೆಯಿತು. ಒಂದು ದಿನ ತಾವರೆ, ಒಂದು ದಿನ ಮಾವಿನ ಎಲೆ, ಎಲ್ಲ ಗಾಳಿಯಲ್ಲೇ. ಇಂದು ಯಾವುದು ಎಂದು ಗಿರಿಜಾದೇವಿ ಕಿಟಕಿಯಿಂದ ಹೇಳುತ್ತಿದ್ದಳು. ನಾನು ಕಣ್ಣು ಮುಚ್ಚಿದರೆ ಆ ಬಳ್ಳಿ ನಮ್ಮ ಗೋಡೆಯ ಮೇಲೆ ಹಬ್ಬುವುದು ಕಾಣುತ್ತಿತ್ತು.

ಒಂದು ದಿನ ಗಿರಿಜಾದೇವಿ ಮಿಷನ್ನು ಶುರು ಮಾಡಲು ಅಲ್ಲೇ ಉಳಿದು ಗಂಡನನ್ನು ನಮ್ಮ ಮನೆಗೆ ಕಳಿಸಿದಳು. ಕರಿಬಸಪ್ಪನವರು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಒಗೆದ ಪಂಚೆ ಉಟ್ಟು ಬಂದರು. ತಮ್ಮ ದನಿ ಎಷ್ಟು ದೊಡ್ಡದೆಂದು ತಮಗೇ ತಿಳಿಯದು ಎಂಬ ಭಯಕ್ಕೆ ತುಟಿ ಬಿಗಿದುಕೊಂಡೇ ಒಳಗೆ ಕಾಲಿಟ್ಟರು. ನಾನು ತೊಟ್ಟಿಲ ಪಕ್ಕ ಕುರ್ಚಿ ಹಾಕಿದೆ. ಗೋಡೆಯಾಚೆ ಹಾಡು ಶುರುವಾಯಿತು.

ಅವರು ಮಗುವನ್ನು ನೋಡುತ್ತಿದ್ದರು. ಅದರ ಹುಬ್ಬು ಏರಿದ್ದನ್ನು ನೋಡಿದರು, ರೆಪ್ಪೆ ಭಾರವಾದದ್ದನ್ನು ನೋಡಿದರು. ಎದ್ದು ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟರು. ಎರಡು ಗೋಡೆ, ನಡುವೆ ಸಂದು, ಅಲ್ಲಿಯವರೆಗೆ ನಡುಕ ಬರುವುದಿಲ್ಲ. ಇನ್ನೊಂದು ಕಡೆ ಇಟ್ಟು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಹೇಗಿದೆ ಎಂದು ಕೈಸನ್ನೆಯಲ್ಲಿ ಕೇಳಿದರು.

ಅವರನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದೆ. ಅವರ ಕಿವಿಯ ಹತ್ತಿರ ಬಾಯಿ ಇಟ್ಟು, ನನ್ನ ಈ ಗಂಡು ದನಿಯಲ್ಲಿ, ಆಚೆಯಿಂದ ಬಂದದ್ದನ್ನು ಬಂದ ಹಾಗೆ ಹಾಡಿದೆ. ಉದ್ದನೆಯ ಗೆರೆಗೆ ಉದ್ದಕ್ಕೆ, ತಿರುವಿಗೆ ಏರಿ, ಇಳಿದು. ಅವರಿಗೆ ಕೇಳಿಸಿತು. ಕಣ್ಣು ಮುಚ್ಚಿಕೊಂಡರು. ಬೆರಳು ತೊಡೆಯ ಮೇಲೆ ನನ್ನ ದನಿಯ ಜೊತೆ ಗೆರೆ ಎಳೆಯತೊಡಗಿತು, ಇಲ್ಲಿ ಎಲೆ, ಇಲ್ಲಿ ಬಳ್ಳಿ ಎಂದು. ಮಗು ಯಾವಾಗ ಮಲಗಿತೋ ನಾವಿಬ್ಬರೂ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಆಚೆ ಮಿಷನ್ನು ಕೆಲಸ ಮುಗಿಸಿ ನಿಂತಿತು. ಕರಿಬಸಪ್ಪನವರಿಗೆ ಅದು ತಿಳಿಯಲಿಲ್ಲ, ಕಣ್ಣು ಮುಚ್ಚಿಯೇ ಇದ್ದರು, ಬೆರಳು ಮುಂದಿನ ಗೆರೆಗೆ ಕಾಯುತ್ತಿತ್ತು. ನಾನು ಹೇಳಲಿಲ್ಲ, ಹಾಡುತ್ತಲೇ ಇದ್ದೆ.